ಕೇರಿಯ ಸಲೂನು

ಕೇರಿಯವರ ತಲೆ ಮುಟ್ಟಿದ ಕತ್ತರಿ ತಮಗೆ ಬೇಡವೆಂದು ಮೇಲಿನ ಬೀದಿಯ ಯಜಮಾನರು ಕಟ್ಟಪ್ಪಣೆ ಮಾಡಿದ್ದರಿಂದ, ಊರಿನ ಕ್ಷೌರದಂಗಡಿ ಪುಟ್ಟಮಾದನ ಕೇರಿಗೆ ಎಂದೂ ಬಾಗಿಲು ತೆರೆದಿರಲಿಲ್ಲ. ಅವನ ಅಪ್ಪ ಸಾಯುವವರೆಗೂ ಪೇಟೆಗೆ ಹೋಗಿಯೇ ತಲೆ ಮಾಡಿಸಿಕೊಂಡ. ಅಜ್ಜಿ ಸತ್ತ ದಿನವೂ, ಹೆಣವನ್ನು ಅಂಗಳದಲ್ಲಿ ಬಿಟ್ಟು, ತಲೆ ಬೋಳಿಸಿಕೊಂಡು ಬರಲು ಬಸ್ಸಿಗೆ ಕಾದು ನಿಂತಿದ್ದ.

ಕೊನೆಗೆ ದೂರು ಮೇಲಕ್ಕೆ ಹೋಯಿತು. ಸರ್ಕಾರ ಯಜಮಾನರನ್ನು ಒಂದು ಮಾತೂ ಕೇಳಲಿಲ್ಲ. ಕೇರಿಯವರಿಗೆಂದೇ ಬೇರೆ ಸಲೂನು ಕಟ್ಟಿಸಿ, ಪುಟ್ಟಮಾದನಿಗೆ ಕೆಲಸ ಕಲಿಸಿ, ಸಮಸ್ಯೆ ಬಗೆಹರಿಯಿತೆಂದು ರಿಬ್ಬನ್ನು ಕತ್ತರಿಸಿ ಹೋಯಿತು.

ಈಗ ಊರಿನ ಹಳೆಯ ಕ್ಷೌರಿಕ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದ. ಯಜಮಾನರ ತಾಯಿಯ ಹೆಣ ಜಗಲಿಯ ಮೇಲಿತ್ತು. ಹಿರಿಮಗನಾದ ಅವರು ತಲೆ ಬೋಳಿಸಿಕೊಳ್ಳದೆ ಕೊಳ್ಳಿ ಇಡುವಂತಿಲ್ಲ. ಯಜಮಾನರು ತಾವೇ ಬಂದು ಪುಟ್ಟಮಾದನ ಕುರ್ಚಿಯಲ್ಲಿ ಕೂತರು.

"ನನ್ನ ಕೈ ಆಯ್ತದಾ, ಬುದ್ಧಿ?"

"ಅದೆಲ್ಲ ಹಳೇ ಕಾಲ ಕನಪ್ಪ. ಬಿರ್ರನೆ ಬೋಳಿಸು, ನೆಂಟ್ರೆಲ್ಲ ಕಾಯ್ತಾವ್ರೆ."

ಪುಟ್ಟಮಾದ ಹೊಸ ಬ್ಲೇಡು ಹಾಕಿದ. ತಲೆಗೆ ನೀರು ತಟ್ಟಿ, ಬಲಭಾಗವನ್ನು ಬೆಣ್ಣೆಯಂತೆ ನುಣ್ಣಗೆ ಬೋಳಿಸಿದ. ಆಮೇಲೆ ಕತ್ತಿಯನ್ನು ಒರೆಸಿ ಡಬ್ಬಿಯಲ್ಲಿಟ್ಟು, ಯಜಮಾನರ ಕೊರಳಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಕೊಡವಿದ.

"ಯಾಕ್ಲಾ, ಇನ್ನರ್ಧ?"

"ಅದನ್ನ ಪೇಟೇಲಿ ಮಾಡಿಸ್ಕಳಿ, ಬುದ್ಧಿ. ನಮ್ಮಪ್ಪ ಹೋಯ್ತಿದ್ದ ಬಸ್ಸು ಇನ್ನೇನು ಬತ್ತದೆ."