ಮೂವತ್ತೊಂದನೆಯ ಬಾಣ

"ಕೆಲಸ ಎಡವಟ್ಟಾಗ್ತಿದೆ ಅಂತ ಮೊದಲು ಗೊತ್ತಾಗಿದ್ದು ಯಾರಿಗೆ?" ಸಮೀಕ್ಷಕಿ ಕೇಳಿದಳು. ಮೇಜಿನ ಸುತ್ತ ಕೂತಿದ್ದ ಆರೂ ಜನ ಉತ್ತರ ಕೊಡುವ ಮುಂಚೆ ಎಂಜಿನಿಯರ್ ಸಾಹೇಬರ ಮುಖ ನೋಡಿದರು. ಆ ನೋಟ ಹೋದ ದಿಕ್ಕಿಗೆ ಅವಳು ಪುಸ್ತಕದ ಅಂಚಿನಲ್ಲಿ ಪುಟ್ಟ ಬಾಣ ಬರೆದುಕೊಂಡಳು.

ಯೋಜನೆಗಳು ಯಾಕೆ ಗೆಲ್ಲುತ್ತವೆ, ಯಾಕೆ ಸೋಲುತ್ತವೆ ಎಂದು ಹುಡುಕುತ್ತಿದ್ದ ಅವಳಿಗೆ ಇದು ಮೂವತ್ತನೆಯ ಯೋಜನೆ. ಗೆದ್ದದ್ದು ಹನ್ನೊಂದು, ಉಳಿದವು ಮಕಾಡೆ ಮಲಗಿದ್ದವು. ಹಣ, ಅವಧಿ, ಅನುಭವ ಎಂದು ಎಷ್ಟು ಕೋಷ್ಟಕ ತಿರುವಿದರೂ ಸಿಗದ ಕಾರಣ ಸಿಕ್ಕಿದ್ದು ಯೋಜನೆಗೊಂದರಂತೆ ಬರೆದ ಈ ಬಾಣಗಳಲ್ಲಿ. ಸೋತ ಕಡೆಯೆಲ್ಲ ಕಣ್ಣುಗಳು ಅಲ್ಲಲ್ಲಿನ ಸಾಹೇಬರತ್ತ ಓಡಿದ್ದವು. ಗೆದ್ದ ಕಡೆ ಸಾಹೇಬರೇ ವೆಲ್ಡರನತ್ತಲೋ ಉಗ್ರಾಣದ ಹೆಂಗಸಿನತ್ತಲೋ ತಿರುಗಿ, "ನೀನೇ ಅಲ್ವಾ ಮೊದಲು ಹೇಳಿದ್ದು?" ಎಂದಿದ್ದರು.

ಮರುದಿನ ತನ್ನ ಕಚೇರಿಯಲ್ಲಿ ಅವಳು ವರದಿಯನ್ನು ಹುರುಪಿನಿಂದ ಓದಿ ಮುಗಿಸಿದಳು. ಕೈಕೆಳಗಿನ ನಾಲ್ವರೂ ತಲೆದೂಗಿದರು. "ತಪ್ಪೇನಾದ್ರೂ ಕಾಣ್ತಾ? ಸಂಕೋಚ ಬೇಡ, ಹೇಳಿ" ಎಂದಳು.

ಅವರಲ್ಲೊಬ್ಬನಾದ ಗುಮಾಸ್ತನ ಬೆರಳು ಮೂರನೆಯ ಪುಟದ ಒಂದು ಅಂಕಿಯ ಮೇಲೆ ನಿಂತಿತ್ತು. ಬಾಯಿ ತೆರೆದವನು ತಲೆಯೆತ್ತಿ ಅವಳ ಮುಖ ನೋಡಿದ. ಬೆರಳು ಮೆಲ್ಲಗೆ ಹಿಂದೆ ಸರಿಯಿತು. "ಎಲ್ಲಾ ಸರಿಯಾಗಿದೆ ಮೇಡಂ."

ಸಮೀಕ್ಷಕಿ ಪುಸ್ತಕ ತೆರೆದು ಇನ್ನೊಂದು ಬಾಣ ಬರೆದಳು. ಅದರ ಮೊನೆ ಅವಳ ಕಡೆಗೇ ಇತ್ತು.