ತೊಳೆದ ತೊಟ್ಟಿ

ಸುಗಂಧಾ ಮಿಂದು ಬರುವಷ್ಟರಲ್ಲಿ ಹಿತ್ತಿಲ ತೊಟ್ಟಿ ಬೆಳ್ಳಗೆ ಹೊಳೆಯುತ್ತಿತ್ತು. ಬೆಳಂಬಾರದಿಂದ ಬಂದ ಗಂಡನ ಅಕ್ಕ ಕಾಶಿ ಬ್ಲೀಚಿಂಗ್ ಪುಡಿ ಹಾಕಿ ಮೂಲೆ ಮೂಲೆ ಉಜ್ಜಿದ್ದಳು. ಅಂದು ಸುಗಂಧಾಳ ಗಂಡ ಪುಂಡಲೀಕನ ಸೂತಕ ಕಳೆಯುವ ದಿನ. ಸಾವಿನ ಮನೆಯಲ್ಲಿ ನಿಂತ ನೀರು ಇಟ್ಟುಕೊಳ್ಳಬಾರದಲ್ಲ! ಕೊಡ, ಹಂಡೆ ಎಲ್ಲ ಬರಿದು ಮಾಡಿದವಳು ತೊಟ್ಟಿಯನ್ನೇಕೆ ಬಿಟ್ಟಾಳು?

"ತೊಟ್ಟೀಲಿದ್ದದ್ದು ಎಲ್ಲಿ, ಅತ್ಗೆ?"

"ಆ ಪಾಚಿಯಾ? ಕೆಸುವಿನ ಬುಡಕ್ಕೆ ಚೆಲ್ಲಿದೆ. ಎಷ್ಟು ಹೊಲಸಾಗಿತ್ತು ಮಾರಾಯ್ತಿ."

ಊರಿಗೆಲ್ಲ ಅದು ಪಾಚಿ, ಪುಂಡಲೀಕನಿಗೆ ಗೊಬ್ಬರದ ಅಂಗಡಿ. ವರ್ಷವಿಡೀ ಸಾಕಿ, ನಾಟಿಯಾದ ಮೇಲೆ ಗದ್ದೆಗೆ ಬಿಡುತ್ತಿದ್ದ. ಗಾಳಿಯ ಸಾರಜನಕ ಹಿಡಿದು, ಅಮೋನಿಯಾ ಮಾಡಿ ನೀರಿಗೆ ಬಿಡುತ್ತದೆ, ಯೂರಿಯಾ ಯಾಕೆ ಬೇಕು ಎಂದು ಸಿಕ್ಕವರ ತಲೆ ತಿನ್ನುತ್ತಿದ್ದ. "ಬದುಕಿದ್ದಾಗ್ಲೂ ಕೊಡ್ತದೆ, ಸತ್ತ ಮೇಲೂ ಕೊಡ್ತದೆ" ಅನ್ನುತ್ತಿದ್ದ. ಬೀಜಕ್ಕೆಂದು ಒಂದಿಷ್ಟು ಒಣಗಿಸಿಡಬೇಕಿತ್ತು, ಅಷ್ಟರಲ್ಲಿ ಜ್ವರ ಹಿಡಿಯಿತು. ಆಸ್ಪತ್ರೆಗೆ ಹೊರಟಾಗ ಹೆಂಡತಿಗೆ ಹೇಳಿದ್ದು ಒಂದೇ ಮಾತು, ತೊಟ್ಟಿ ನೋಡಿಕೋ ಎಂದು. ಈಗ ನಾಟಿ ಮುಗಿದಿತ್ತು. ಪಾಚಿ ಬಿಡುವುದೊಂದೇ ಬಾಕಿ.

ಸುಗಂಧಾ ಕೆಸುವಿನ ಬುಡಕ್ಕೆ ಓಡಿದಳು. ಮಳೆ ಎಲ್ಲವನ್ನೂ ಮಣ್ಣಿಗಿಳಿಸಿತ್ತು. ಉಗುರಿಗೆ ಸಿಕ್ಕ ಚೂರನ್ನು ಬೋಗುಣಿಯ ನೀರಿಗೆ ಹಾಕಿಟ್ಟಳು. ಎರಡು ದಿನ ಕಾದರೂ ಅದು ಚಿಗುರಲಿಲ್ಲ, ಕೊಳೆತು ನಾರಿತು. ಕಾಶಿಗೆ ಹೇಳಿಬಿಡೋಣವೆಂದು ಒಳಗೆ ಹೋದರೆ, ಅವಳು ಬ್ಲೀಚಿಂಗಿಗೆ ಸುಲಿದ ಕೈಗಳಿಗೆ ತೆಂಗಿನೆಣ್ಣೆ ಸವರುತ್ತ ಕೂತಿದ್ದಳು. ತಮ್ಮನಿಗೆ ಮಾಡುವ ಕೊನೆಯ ಕೆಲಸವೆಂದು ಅಳುತ್ತಲೇ ಉಜ್ಜಿದ್ದಳಂತೆ. ಅವಳಿಗೆ ಏನೆಂದು ಹೇಳುವುದು?

ಶ್ರಾವಣದಲ್ಲಿ ಕಾಶಿ ಮತ್ತೆ ಬಂದಾಗ ಗದ್ದೆ ಹಳದಿಗೆ ತಿರುಗಿತ್ತು. ಯೂರಿಯಾ ತಂದು ಎರಚಬಹುದಿತ್ತು, ಅವನ ಗದ್ದೆಗೆ ಅದನ್ನು ಹಾಕಲು ಸುಗಂಧಾಳಿಗೆ ಕೈ ಬಂದಿರಲಿಲ್ಲ. ಹಿತ್ತಿಲ ಕೆಸು ಮಾತ್ರ ಕಡು ಹಸಿರಾಗಿ, ಒಂದೊಂದು ಎಲೆ ಮೊರದಷ್ಟು ಅಗಲವಾಗಿ ನಿಂತಿತ್ತು. ಕಾಶಿ ಹಿಗ್ಗಿ ಎಲೆ ಕೊಯ್ದು, ಕೆಸುವಿನ ತುರಿಕೆ ಹೋಗಲೆಂದು ಹುಳಿ ಹಾಕಿ ಅರೆದ ಹಿಟ್ಟು ಸವರಿ ಪತ್ರೊಡೆ ಮಾಡಿದಳು.

"ತಮ್ಮಂಗೆ ಪತ್ರೊಡೆ ಅಂದ್ರೆ ಪ್ರಾಣ" ಎನ್ನುತ್ತ ಒಂದು ತುಂಡನ್ನು ಅವನ ಹೆಸರಲ್ಲಿ ಬಾಳೆಲೆಯ ಮೇಲಿಟ್ಟಳು, ಇನ್ನೊಂದನ್ನು ಸುಗಂಧಾಳ ತಟ್ಟೆಗೆ.

ಸುಗಂಧಾ ಬಾಯಿಗಿಟ್ಟಳು. ಅಗಿದಳು, ನುಂಗಲಾಗಲಿಲ್ಲ. ಕಣ್ಣಲ್ಲಿ ನೀರು ಬಂತು.

"ಎಂತಾಯ್ತೆ? ಹುಳಿ ಸಾಕಾಗ್ಲಿಲ್ವಾ?"

"ಹೌದು ಅತ್ಗೆ" ಅಂದಳು ಸುಗಂಧಾ. "ಗಂಟಲು ಕೆರೀತದೆ."