ಹೈದರಾಬಾದಿಗೆ ಹೊರಟ ಗಣಪ

ಶಿಲ್ಪಿ ವೀರಭದ್ರಾಚಾರ್ ಕೆತ್ತಿದ ವಿಗ್ರಹಗಳನ್ನು ಕೊಂಡವರೇ ಬಂದು ಒಯ್ಯುತ್ತಿದ್ದರು. ಮೊದಲ ಬಾರಿಗೆ ಒಂದು ಕಲ್ಲಿನ ಗಣಪತಿಯನ್ನು ಹೈದರಾಬಾದಿನ ಹೋಟೆಲೊಂದಕ್ಕೆ ಲಾರಿಯಲ್ಲಿ ಕಳಿಸಬೇಕಾಯಿತು. ಸೊಂಡಿಲು ಮುರಿದೀತೆಂಬ ಹೆದರಿಕೆಗೆ ಹಳೆಯ ಹಾಸಿಗೆ ಸುತ್ತಿ, ಸುತ್ತಲೂ ಒಣಹುಲ್ಲು ತುರುಕಿ, ಮರದ ಪೆಟ್ಟಿಗೆಗೆ ತಾವೇ ಮೊಳೆ ಹೊಡೆದರು.

ಮೂರನೆಯ ದಿನ ಡ್ರೈವರ್ ಫೋನ್ ಮಾಡಿದ.

"ದಾರೀಲಿ ಲಾರಿ ಕೆಟ್ಟೋಯ್ತು ಆಚಾರ್ರೇ. ರಿಪೇರಿಗೆ ಅಂತ ಪೆಟ್ಟಿಗೇನ ಕೆಳಗಿಳಿಸಿ ಅರಳಿಮರದ ಹತ್ರ ಇಟ್ಟಿದ್ವಿ. ಏನಿದೆ ಅಂತ ಊರವರು ಬಿಚ್ಚಿ ನೋಡಿದ್ರು."

"ಸೊಂಡಿಲು ಮುರೀತೇನಪ್ಪಾ?"

"ಇಲ್ಲ, ಎಲ್ಲಾ ನೆಟ್ಟಗಿದೆ. ಲಾರೀನೂ ರಿಪೇರಿ ಆಯ್ತು."

"ಮತ್ತಿನ್ನೇನು? ಎತ್ತಿಟ್ಕೊಂಡು ಹೊರಡು."

"ಎತ್ತೋಕೆ ಬಿಡ್ತಿಲ್ಲ ಆಚಾರ್ರೇ. ನಿನ್ನೇನೇ ಪೂಜಾರೀನ ನೇಮಿಸಿದ್ರು, ಈಗ ಗುಡಿಗೆ ಪಾಯ ತೋಡ್ತಾ ಇದಾರೆ."